ಎರಡು ವರ್ಷದ ಕುದುರೆಯ ಕ್ಯಾನನ್ ಮೂಳೆ: ಮೇರಿಲ್ಯಾಂಡಿನ ಒಂದು ಫರ್ಲಾಂಗ್ ಪಾಠ

ಬೆಳಗಿನ ಓಟ ಮುಗಿಸಿ ಲಾಯಕ್ಕೆ ಮರಳಿದ ಎರಡು ವರ್ಷದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಯ ಮುಂಗಾಲನ್ನು ಎತ್ತಿ ಹಿಡಿದು, ಮಂಡಿಯಿಂದ ಕೆಳಕ್ಕೆ ಎಲುಬಿನ ಮುಂಬದಿಯ ಮೇಲೆ ಹೆಬ್ಬೆರಳನ್ನು ಒತ್ತುತ್ತ ಇಳಿಸಬೇಕು. ಕಾಲು ಸರಿಯಿದ್ದರೆ ಕುದುರೆ ಮೇವು ಅಗಿಯುವುದನ್ನೂ ನಿಲ್ಲಿಸುವುದಿಲ್ಲ. ಮೂಳೆ ನೊಂದಿದ್ದರೆ ಬೆರಳು ಅರ್ಧದಾರಿಗೆ ಬರುವಷ್ಟರಲ್ಲಿ ಕಾಲು ಕಿತ್ತುಕೊಳ್ಳುತ್ತದೆ. ಮುಟ್ಟಿದ ಜಾಗ ಬೆಚ್ಚಗಿರುತ್ತದೆ. ಇನ್ನು ಕೆಲವು ದಿನ ಕಳೆದರೆ, ಪಕ್ಕದಿಂದ ನೋಡಿದಾಗ ನೇರವಾಗಿರಬೇಕಾದ ಗೆರೆ ಬಿಲ್ಲಿನಂತೆ ಮುಂದಕ್ಕೆ ಉಬ್ಬಿರುತ್ತದೆ. ಇದೇ ಸೋರ್ ಶಿನ್. ಅಮೆರಿಕದವರ ಬಾಯಲ್ಲಿ ಬಕ್ಡ್ ಶಿನ್.

ನೋಯುವುದು ಕ್ಯಾನನ್ ಮೂಳೆ. ಮುಂಗಾಲಿನ ಮಂಡಿಗೂ ಗೊರಸಿನ ಮೇಲ್ಗಡೆಯ ಫೆಟ್‌ಲಾಕ್ ಕೀಲಿಗೂ ನಡುವಿನ ಈ ಮೂಳೆ ನಮ್ಮ ಅಂಗೈಯಲ್ಲಿ ನಡುಬೆರಳಿನ ಬುಡಕ್ಕಿರುವ ಮೂಳೆಗೆ ಸಮ. ಮೇಲೆ ಮಾಂಸವಿಲ್ಲ, ಚರ್ಮದ ಕೆಳಗೇ ಕೈಗೆ ಸಿಗುತ್ತದೆ. ಸುಮಾರು 450ರಿಂದ 500 ಕಿಲೋ ತೂಗುವ ಪ್ರಾಣಿ ಪೂರ್ತಿ ವೇಗದಲ್ಲಿ ಓಡುವಾಗ, ಒಂದು ಮುಂಗಾಲು ನೆಲದಲ್ಲಿರುವ ಕ್ಷಣದಲ್ಲಿ ದೇಹದ ತೂಕದ ಎರಡೂವರೆ ಪಟ್ಟಿನಷ್ಟು ಭಾರ ಇದರ ಮೇಲೆ ಬೀಳುತ್ತದೆ.

ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ತರಬೇತಿಗೆ ಬರುವ ಎಳೆ ಥರೋಬ್ರೆಡ್‌ಗಳಲ್ಲಿ ಸುಮಾರು 70 ಶೇಕಡಾಕ್ಕೆ ಈ ತೊಂದರೆ ಬರುತ್ತಿತ್ತು. ಹಾಗೆ ಬಂದವುಗಳಲ್ಲಿ ಸುಮಾರು 12 ಶೇಕಡಾ ಮುಂದೆ ಮೂರು, ನಾಲ್ಕನೇ ವಯಸ್ಸಿನಲ್ಲಿ ಅದೇ ಮೂಳೆಯ ಮುಂಬದಿಯ ಹೊರಗೋಡೆಯಲ್ಲಿ ಬಿರುಕು ತರುತ್ತಿದ್ದವು. ಎಕ್ಸ್‌ರೇಯಲ್ಲಿ ತಟ್ಟೆಯ ಅಂಚಿನಂತೆ ಬಾಗಿ ಕಾಣುವ ಈ ಬಿರುಕಿಗೆ ಸಾಸರ್ ಫ್ರಾಕ್ಚರ್ ಎಂದು ಹೆಸರು. ಅಂದರೆ ಸೋರ್ ಶಿನ್ ಎಳೆ ಕುದುರೆಗೆ ಬಂದು ಹೋಗುವ ದಡಾರದಂಥದ್ದಲ್ಲ. ಆದರೂ ಬಹಳ ಕಾಲ ಅದನ್ನು ಹಾಗೆಯೇ ನೋಡಲಾಯಿತು: ಎಲ್ಲ ಕುದುರೆಗೂ ಒಮ್ಮೆ ಬರುತ್ತದೆ, ಬರೆ ಹಾಕಿ, ಖಾರದ ಲೇಪ ಹಚ್ಚಿ, ಎರಡು ತಿಂಗಳು ನಿಲ್ಲಿಸಿ, ಮತ್ತೆ ಶುರು ಮಾಡಿ. ಬರೆ ಹಾಕಿದ ಕುದುರೆ ಎರಡು ತಿಂಗಳ ಬಳಿಕ ನೆಟ್ಟಗಾಗಿದ್ದರೆ ಅದು ಎರಡು ತಿಂಗಳ ಫಲ. ಬರೆಯ ಫಲವೇನೂ ಅಲ್ಲ.

ಒಗಟು

ಸೋರ್ ಶಿನ್‌ನ ಕಾರಣ ಹುಡುಕಿ ತರಬೇತಿಯನ್ನೇ ಬದಲಿಸಿದ ಈ ಪ್ರಕರಣದ ನೆಲೆ ಎರಡು. ಒಂದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯ ದೊಡ್ಡ ಪ್ರಾಣಿಗಳ ಆಸ್ಪತ್ರೆ ನ್ಯೂ ಬೋಲ್ಟನ್ ಸೆಂಟರ್. ಇನ್ನೊಂದು, ಮೇರಿಲ್ಯಾಂಡ್ ರಾಜ್ಯದ ಫೇರ್ ಹಿಲ್ ತರಬೇತಿ ಕೇಂದ್ರ. (ಬಾರ್ಬರೋ ಎಂಬ ಕುದುರೆಯ ಹೆಸರು ಕೇಳಿದವರಿಗೆ ಎರಡೂ ಜಾಗ ಪರಿಚಿತ. ಫೇರ್ ಹಿಲ್‌ನಲ್ಲಿ ಪಳಗಿ 2006ರ ಕೆಂಟಕಿ ಡರ್ಬಿ ಗೆದ್ದ ಅದು, ಎರಡು ವಾರದ ಬಳಿಕ ಪ್ರೀಕ್‌ನೆಸ್ ರೇಸಿನಲ್ಲಿ ಹಿಂಗಾಲು ಮುರಿದುಕೊಂಡಾಗ ಸೇರಿದ್ದು ನ್ಯೂ ಬೋಲ್ಟನ್ನಿಗೇ.) ಮೂಳೆ ಶಸ್ತ್ರಚಿಕಿತ್ಸಕ ಡೇವಿಡ್ ನೂನಮೇಕರ್ ಮತ್ತು ಸ್ವತಃ ಪಶುವೈದ್ಯರೂ ಆಗಿದ್ದ ಟ್ರೇನರ್ ಜಾನ್ ಫಿಶರ್ ಜೊತೆಯಾಗಿ ನಡೆಸಿದ ಕೆಲಸ ಕುದುರೆ ವಲಯದಲ್ಲಿ ಮೇರಿಲ್ಯಾಂಡ್ ಶಿನ್ ಸ್ಟಡಿ ಎಂದೇ ಹೆಸರಾಯಿತು.

ಅವರನ್ನು ಕಾಡಿದ ಪ್ರಶ್ನೆ ಸರಳವಾಗಿತ್ತು. ಗಾಡಿ ಎಳೆದು ಟ್ರಾಟ್ (ಎದುರುಬದುರು ಮೂಲೆಯ ಕಾಲುಗಳು ಜೊತೆಯಾಗಿ ಏಳುವ ನಡಿಗೆ) ಮತ್ತು ಪೇಸ್ (ಒಂದೇ ಪಕ್ಕದ ಕಾಲುಗಳು ಜೊತೆಯಾಗಿ ಏಳುವ ನಡಿಗೆ) ರೀತಿಯಲ್ಲಿ ರೇಸಾಡುವ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳು ಥರೋಬ್ರೆಡ್‌ಗಿಂತ ಎಷ್ಟೋ ಹೆಚ್ಚು ಮೈಲಿ ಸವೆಸುತ್ತವೆ. ಅವಕ್ಕೆ ಬಕ್ಡ್ ಶಿನ್ ಇಲ್ಲವೆನ್ನುವಷ್ಟು ಕಡಿಮೆ. ಓಟ ಹೆಚ್ಚಾಗಿ ಮೂಳೆ ಸವೆಯುತ್ತದೆ ಎನ್ನುವುದಾದರೆ ಲೆಕ್ಕ ತಿರುವುಮುರುವು ಆಗಬೇಕಿತ್ತು.

ಬದುಕಿರುವ ಕುದುರೆಗಳ ಕ್ಯಾನನ್ ಮೂಳೆಯ ಮೇಲೆ ಸ್ಟ್ರೇನ್ ಗೇಜ್ ಅಂಟಿಸಿ ಓಡಿಸಿದಾಗ ಸುಳಿವು ಸಿಕ್ಕಿತು. ಸ್ಟ್ರೇನ್ ಗೇಜ್ ಅಂದರೆ ಉಗುರಿನಷ್ಟಿರುವ ಲೋಹದ ಎಳೆಯ ಪಟ್ಟಿ. ಮೂಳೆ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂಬುದನ್ನು ವಿದ್ಯುತ್ ರೋಧದ ಬದಲಾವಣೆಯಲ್ಲಿ ತಿಳಿಸುತ್ತದೆ. ಬಹುತೇಕ ಪ್ರಾಣಿಗಳು ಎಷ್ಟೇ ಜೋರಾಗಿ ಓಡಿದರೂ ಮೂಳೆಯ ಮೇಲ್ಮೈ ಹತ್ತು ಲಕ್ಷಕ್ಕೆ 2,000ದಿಂದ 3,000 ಭಾಗ ಕುಗ್ಗುತ್ತದೆ. ಎಳೆ ಥರೋಬ್ರೆಡ್ ವೇಗವಾಗಿ ಓಡಿದಾಗ ಸಿಕ್ಕ ಅಂಕಿ 5,000ದ ಆಸುಪಾಸು. ಅಂದರೆ ಅರ್ಧ ಶೇಕಡಾ. ಕೇಳಲು ಚಿಕ್ಕದು. 25 ಸೆಂಟಿಮೀಟರ್ ಉದ್ದದ ಮೂಳೆಯ ಉದ್ದಕ್ಕೂ ಅಷ್ಟೇ ಇದ್ದರೆ ಒಂದು ಮಿಲಿಮೀಟರಿಗೂ ತುಸು ಮಿಕ್ಕ ಕುಗ್ಗುವಿಕೆ, ಪ್ರತಿ ಹೆಜ್ಜೆಗೂ. ಮೂಳೆ ಹಿಂದಿರುಗಲಾರದಂತೆ ಜಖಂಗೊಳ್ಳುವ ಮಟ್ಟ ಅಲ್ಲಿಂದ ಬಹಳ ದೂರವಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಟ್ರಾಟ್ ಮಾಡುವಾಗ ಮೂಳೆಯ ಮುಂಬದಿಗೆ ಬೀಳುವ ಬಲದ ದಿಕ್ಕು ಬೇರೆ, ರೇಸ್ ವೇಗದಲ್ಲಿ ಬೀಳುವ ಬಲದ ದಿಕ್ಕು ಬೇರೆ. ನಿಧಾನಗತಿಯಲ್ಲಿ ದಿನಾ ಓಡುವ ಮೂಳೆ ನಿಧಾನಗತಿಗೆ ತಕ್ಕ ಆಕಾರಕ್ಕೆ ಬರುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಅದರ ಮೇಲೆ ಅದು ಎಂದೂ ಕಾಣದ ದಿಕ್ಕಿನಿಂದ, ಹೆಚ್ಚಿನ ಭಾರ ಎರಗುತ್ತದೆ. ಸ್ಟ್ಯಾಂಡರ್ಡ್‌ಬ್ರೆಡ್ ರೇಸಾಡುವ ನಡಿಗೆಯಲ್ಲೇ ತರಬೇತಿ ಪಡೆಯುತ್ತದೆ; ಅದರ ಮೂಳೆಗೆ ರೇಸಿನ ದಿನ ಅಚ್ಚರಿಯೇನೂ ಇಲ್ಲ.

ಮೂಳೆ ಗಟ್ಟಿಯಾಗುವ ಬಗೆ

ಮೂಳೆ ಎರಡು ಕೆಲಸ ಮಾಡಬಲ್ಲದು. ಹೊರಮೈಗೆ ಹೊಸ ಪದರ ಹಚ್ಚುವುದು ಒಂದು. ದಣಿದ, ಸೂಕ್ಷ್ಮ ಬಿರುಕು ಬಿಟ್ಟ ಹಳೆಯ ಭಾಗವನ್ನು ಒಳಗಿನಿಂದ ಅಗೆದು ಹೊಸದನ್ನು ತುಂಬುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಹೊರಗೆ ಪದರ ಹಚ್ಚುವುದರ ಲಾಭ ಎಷ್ಟೆಂದು ಕೊಳವೆಯ ಲೆಕ್ಕದಿಂದ ತಿಳಿಯುತ್ತದೆ. ಹೊರವ್ಯಾಸ 30 ಮಿ.ಮೀ., ಒಳವ್ಯಾಸ 14 ಮಿ.ಮೀ. ಇರುವ ಒಂದು ಕೊಳವೆ ಇಟ್ಟುಕೊಳ್ಳಿ. ಸುತ್ತಲೂ ಬರೀ ಒಂದು ಮಿ.ಮೀ. ಹಚ್ಚಿದರೆ ಹೊರವ್ಯಾಸ 32 ಆಗುತ್ತದೆ. ವಸ್ತು ಸುಮಾರು 18 ಶೇಕಡಾ ಹೆಚ್ಚಿತು. ಬಾಗುವಿಕೆಗೆ ಅದು ಒಡ್ಡುವ ತಡೆ ಸುಮಾರು 31 ಶೇಕಡಾ ಹೆಚ್ಚಿತು. ವ್ಯಾಸ ನಾಲ್ಕನೇ ಘಾತಕ್ಕೆ ಏರುವುದರಿಂದ ಹೀಗೆ. ಕ್ಯಾನನ್ ಮೂಳೆ ಗುಂಡಗಿನ ಕೊಳವೆಯಲ್ಲ, ಹೊಸ ಮೂಳೆ ಸುತ್ತಲೂ ಸಮನಾಗಿ ಕೂರುವುದೂ ಇಲ್ಲ. ಸರಿಯಾದ ತರಬೇತಿ ಸಿಕ್ಕರೆ ಅದು ಮುಂಬದಿ ಮತ್ತು ಒಳಬದಿಯಲ್ಲಿ, ಅಂದರೆ ರೇಸ್ ವೇಗದಲ್ಲಿ ಭಾರ ಬೀಳುವ ಕಡೆಯೇ ದಪ್ಪಗಾಗುತ್ತದೆ. ಸೋರ್ ಶಿನ್‌ನಲ್ಲೂ ಮೂಳೆ ಮಾಡುವುದು ಇದನ್ನೇ, ಆದರೆ ಗಾಬರಿಯಲ್ಲಿ: ಗೋಡೆ ಮೆತ್ತಗಾಗಿದೆ ಎಂದು ತಿಳಿದ ಕೂಡಲೇ ಅಚ್ಚುಕಟ್ಟಿಲ್ಲದ ಎಳೆಮೂಳೆಯನ್ನು ಮೇಲೆ ಮೆತ್ತುತ್ತದೆ. ಕೈಗೆ ಸಿಗುವ ಉಬ್ಬು ಅದೇ.

ಅಗೆದು ತುಂಬುವ ಕೆಲಸವನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಅಗೆಯುವವರು ಬಂದು ಕೆಲವೇ ವಾರಗಳಲ್ಲಿ ಗುಂಡಿ ತೋಡಿ ಹೋಗುತ್ತಾರೆ. ಮುಚ್ಚುವವರು ಮೂರು ನಾಲ್ಕು ತಿಂಗಳು ತೆಗೆದುಕೊಳ್ಳುತ್ತಾರೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಅಗೆಯುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ತುಂಬುತ್ತವೆ. ನಡುವಿನ ಅವಧಿಯಲ್ಲಿ ಮೂಳೆ ತೂತುತೂತಾಗಿ ಮೊದಲಿಗಿಂತ ಬಡವಾಗಿರುತ್ತದೆ. ತರಬೇತಿ ಶುರುವಾದ ಕ್ವಾರ್ಟರ್ ಹಾರ್ಸ್ (ಚಿಕ್ಕ ದೂರದ ಓಟದ ಅಮೆರಿಕದ ತಳಿ) ರೇಸ್ ಕುದುರೆಗಳಲ್ಲಿ ಮೂಳೆಯ ಸಾಂದ್ರತೆ ಮೊದಲ ಎರಡು ತಿಂಗಳು ಏರುವ ಬದಲು ಇಳಿದದ್ದು 1990ರ ದಶಕದಲ್ಲೇ ದಾಖಲಾಗಿದೆ. ಗಾಯಗಳು ದಟ್ಟೈಸುವುದೂ ಆ ಹೊತ್ತಿಗೇ. ಅಷ್ಟರಲ್ಲಿ ಕುದುರೆಯ ಉಸಿರು, ಸ್ನಾಯು ಪಳಗಿರುತ್ತದೆ. ಮೇಲೆ ಕೂತವನಿಗೆ ಕುದುರೆ ಸಿದ್ಧವಾದಂತೆ ಕಾಣುತ್ತದೆ, ಕೈಯಲ್ಲಿ ಹಗ್ಗ ಜಗ್ಗುತ್ತದೆ.

ಮೂಳೆಗೆ ಹೊಸ ಪದರ ಹಚ್ಚೆಂದು ಹೇಳಲು ಎಷ್ಟು ಹೆಜ್ಜೆ ಸಾಕು? ಕ್ಲಿಂಟನ್ ರೂಬಿನ್ ಮತ್ತು ಲಾನ್ಸ್ ಲ್ಯಾನ್ಯನ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬದುಕಿರುವ ಹುಂಜದ ರೆಕ್ಕೆಯ ಮೂಳೆಯನ್ನು ಅದರ ಸಹಜ ಭಾರದಿಂದ ಬೇರ್ಪಡಿಸಿ, ಯಂತ್ರದಿಂದ ದಿನಕ್ಕಿಷ್ಟು ಸಲ ಒತ್ತಿ ನೋಡಿದರು. ದಿನಕ್ಕೆ 4 ಸಲ ಒತ್ತಿದರೆ ಇದ್ದ ಮೂಳೆ ಉಳಿಯಿತು. 36 ಸಲಕ್ಕೆ ಹೊಸ ಮೂಳೆ ಬಂತು. ಒತ್ತುವುದನ್ನು ನೂರು, ಸಾವಿರಕ್ಕೆ ಏರಿಸಿದರೂ ಹೆಚ್ಚೇನೂ ಬರಲಿಲ್ಲ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹಾಲು ಬಿಡಿಸಿದ ಕುದುರೆ ಮರಿಗಳನ್ನು ಲಾಯದಲ್ಲಿ ಕಟ್ಟಿ, ವಾರಕ್ಕೆ 5 ದಿನ ಬರೀ 82 ಮೀಟರ್ ಜೋರಾಗಿ ಓಡಿಸಿದಾಗ ಎಂಟು ವಾರದಲ್ಲಿ ಕ್ಯಾನನ್ ಮೂಳೆಯ ಆಕಾರ ಬದಲಾಯಿತು. ಅಲ್ಲೇ ಮುಂದೆ ಕರುಗಳ ಮೇಲೆ ನಡೆದ ಪ್ರಯೋಗದಲ್ಲಿ ವಾರಕ್ಕೆ ಒಂದೇ ದಿನ 71 ಮೀಟರ್ ಓಡಿದವುಗಳ ಮೂಳೆ ಮುರಿಯಲು 20 ಶೇಕಡಾಕ್ಕೂ ಹೆಚ್ಚು ಬಲ ಬೇಕಾಯಿತು.

ಈಗ ಕುದುರೆಗೆ ಬನ್ನಿ. ವೇಗದ ಓಟದಲ್ಲಿ ಒಂದು ದಾಪು ಸುಮಾರು 7 ಮೀಟರ್. ಒಂದು ಫರ್ಲಾಂಗ್ 201 ಮೀಟರ್. ಹಾಗಾದರೆ ಒಂದು ಫರ್ಲಾಂಗಿಗೆ ಪ್ರತಿ ಕಾಲೂ ಮೂವತ್ತರ ಒಳಗೆ ನೆಲ ಮುಟ್ಟುತ್ತದೆ. ಹುಂಜದ ಲೆಕ್ಕಕ್ಕೆ ಹತ್ತಿರವೇ ಬಂತು.

ಫೇರ್ ಹಿಲ್‌ನ ವೇಳಾಪಟ್ಟಿ

ಮೊದಲು ಒಂದು ಪದದ ಗೊಂದಲ ಬಿಡಿಸಬೇಕು. ಅಮೆರಿಕದ ಟ್ರೇನರ್ ದಿನನಿತ್ಯದ ‘ಗ್ಯಾಲಪ್’ ಎಂದರೆ ಫರ್ಲಾಂಗಿಗೆ ಸುಮಾರು 18 ಸೆಕೆಂಡ್, ಅಂದರೆ ಸೆಕೆಂಡಿಗೆ 11 ಮೀಟರ್. ಇಂಗ್ಲೆಂಡಿನಲ್ಲಿ, ಅವರ ರೂಢಿ ಹಿಡಿದ ನಮ್ಮಲ್ಲೂ, ಇದು ಕ್ಯಾಂಟರ್. ಅವರು ‘ಬ್ರೀಜ್’ ಎನ್ನುವುದು ಫರ್ಲಾಂಗಿಗೆ 13 ಸೆಕೆಂಡಿನ ಸುಮಾರು, ಸೆಕೆಂಡಿಗೆ 15.5 ಮೀಟರ್. ಹಳೆಯ ಪದ್ಧತಿಯಲ್ಲಿ ಎಳೆ ಕುದುರೆ ದಿನಾ ಒಂದರಿಂದ ಎರಡು ಮೈಲಿ ಈ ನಿಧಾನದ ಗ್ಯಾಲಪ್ ಮಾಡುತ್ತಿತ್ತು, 7ರಿಂದ 10 ದಿನಕ್ಕೊಮ್ಮೆ ಬ್ರೀಜ್.

ಬದಲಿಸಿದ ಪಟ್ಟಿ ಹೀಗಿತ್ತು. ಕುದುರೆ ಒಂದು ಮೈಲಿಯನ್ನು ಫರ್ಲಾಂಗಿಗೆ 18 ಸೆಕೆಂಡಿನಂತೆ ಸಲೀಸಾಗಿ ಓಡುವಂತಾದ ಮೇಲೆ, ವಾರಕ್ಕೆ ಎರಡು ದಿನ ಆ ಮೈಲಿಯ ಕೊನೆಯ ಒಂದು ಫರ್ಲಾಂಗನ್ನು ಮಾತ್ರ 15 ಸೆಕೆಂಡಿನಲ್ಲಿ ಮುಗಿಸುವುದು. ಐದು ವಾರ ಇಷ್ಟೇ. ಎರಡನೇ ಘಟ್ಟದಲ್ಲಿ, ವಾರಕ್ಕೆ ಎರಡೇ ದಿನ, ಕೊನೆಯ ಎರಡು ಫರ್ಲಾಂಗ್ 30 ಸೆಕೆಂಡಿನಲ್ಲಿ. ಮತ್ತೆ ಐದು ವಾರ. ಗಮನಿಸಬೇಕಾದದ್ದು, ಇಲ್ಲಿ ದೂರ ಏರಿತು, ವೇಗ ಏರಲಿಲ್ಲ. ಮೂರನೇ ಘಟ್ಟದಲ್ಲಿ ವೇಗವನ್ನು ಫರ್ಲಾಂಗಿಗೆ 13 ಸೆಕೆಂಡಿನತ್ತ ತರುವುದು, ಬ್ರೀಜ್ ಮುಗಿದ ಮೇಲೂ ತಟಕ್ಕನೆ ನಿಲ್ಲಿಸದೆ ಒಂದಿಷ್ಟು ದೂರ ಬಿರುಸಾಗಿಯೇ ಓಡಲು ಬಿಡುವುದು. ಟ್ರಾಟ್ ಮಾಡಿಸುವುದನ್ನು ಮೈ ಬೆಚ್ಚಗಾಗುವಷ್ಟಕ್ಕೆ ಇಳಿಸಲಾಯಿತು.

ಹೆಜ್ಜೆ ಎಣಿಸಿದರೆ ಇದರ ಜಾಣತನ ಕಾಣುತ್ತದೆ. ಮೊದಲ ಐದು ವಾರದಲ್ಲಿ ಹತ್ತು ಫರ್ಲಾಂಗ್, ಪ್ರತಿ ಕಾಲಿಗೆ ಹೆಚ್ಚೆಂದರೆ 300 ವೇಗದ ಹೆಜ್ಜೆ. ಹಳೆಯ ಪದ್ಧತಿಯಲ್ಲಿ ಒಂದೂವರೆ ಮೈಲಿ ನಿಧಾನವಾಗಿ ಓಡುವ ಕುದುರೆ ಒಂದೇ ಬೆಳಗ್ಗೆ 400ಕ್ಕೂ ಹೆಚ್ಚು ಹೆಜ್ಜೆ ಹಾಕುತ್ತದೆ. ಐದು ವಾರದ ಮದ್ದು ಒಂದು ದಿನದ ಸವಕಳಿಗಿಂತ ಕಡಿಮೆ ಪ್ರಮಾಣದ್ದು.

15 ಸೆಕೆಂಡಿನ ಫರ್ಲಾಂಗ್ ಎಂದರೆ ಎಷ್ಟು ಎಂದು ಬೆಂಗಳೂರಿನ ಓದುಗರಿಗೆ ತಿಳಿಯಲು ಪತ್ರಿಕೆಯ ಟ್ರ್ಯಾಕ್‌ವರ್ಕ್ ಕಾಲಂ ಸಾಕು. ಬೆಂಗಳೂರು ಟರ್ಫ್ ಕ್ಲಬ್‌ನ ಒಳ, ಹೊರ ಮರಳು ಟ್ರ್ಯಾಕುಗಳಲ್ಲಿ ಬೆಳಗಿನ ಓಟದ ಸಮಯ ಅಲ್ಲಿ ಅಚ್ಚಾಗುತ್ತದೆ. ಕುದುರೆಯ ಹೆಸರಿನ ಮುಂದೆ 600/45 ಎಂದಿದ್ದರೆ ಕೊನೆಯ 600 ಮೀಟರನ್ನು 45 ಸೆಕೆಂಡಿನಲ್ಲಿ ಓಡಿದೆ, ಸೆಕೆಂಡಿಗೆ 13.3 ಮೀಟರ್. ಫೇರ್ ಹಿಲ್‌ನ 15 ಸೆಕೆಂಡ್ ಫರ್ಲಾಂಗ್ 13.4. ನಮ್ಮ ಕಾಲಂನಲ್ಲಿ ‘ಈಸಿ’ ಎಂದು ಷರಾ ಬೀಳುವ ವೇಗವೇ ಅದು. ವ್ಯತ್ಯಾಸ ದೂರದಲ್ಲಿ: 600 ಮೀಟರ್ ಅಂದರೆ ಮೂರು ಫರ್ಲಾಂಗ್, ಎರಡನೇ ಘಟ್ಟಕ್ಕೂ ಒಂದು ಹೆಚ್ಚು. ಮತ್ತೆ ಒಂದು ಮಾತು. ಮರಳು ಮೆತ್ತಗಿದ್ದಷ್ಟೂ ಅದೇ ಸಮಯಕ್ಕೆ ಸ್ನಾಯು ಹೆಚ್ಚು ದುಡಿಯುತ್ತದೆ, ಮೂಳೆಗೆ ಬೀಳುವ ಪೆಟ್ಟು ಕಡಿಮೆ. ಗಡಿಯಾರ ಒಂದೇ ಆಗಿದ್ದರೂ ಮೂಳೆಗೆ ಸಿಗುವ ಪಾಠ ಒಂದೇ ಅಲ್ಲ. ಗಟ್ಟಿ ಟ್ರ್ಯಾಕಿನ ಅಂಕಿಯನ್ನು ಹಾಗೇ ಎತ್ತಿ ತಂದು ಮರಳಿನ ಮೇಲೆ ಇಡುವ ಮೊದಲು ಇದನ್ನು ನೆನೆಯಬೇಕು.

ಫಲ ಏನಾಯಿತು? ರೇ ಬಾಸ್ಟನ್ ಮತ್ತು ನೂನಮೇಕರ್ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಐದು ತರಬೇತಿ ಲಾಯಗಳ 226 ಎರಡು ವರ್ಷದ ಕುದುರೆಗಳಿದ್ದವು. ಟ್ರಾಟ್, ನಿಧಾನದ ಗ್ಯಾಲಪ್, ಬ್ರೀಜ್ ಮೂರನ್ನೂ ಬೇರೆ ಬೇರೆ ಮಾಡಿ ಯಾವುದು ಎಷ್ಟು ಅಪಾಯ ತರುತ್ತದೆಂದು ನೋಡಿದರು. ದೂರದ ನಿಧಾನ ಗ್ಯಾಲಪ್ ಕಡಿಮೆ ಮಾಡಿ ಚಿಕ್ಕ ದೂರದ ಬ್ರೀಜ್‌ಗಳನ್ನು ತಪ್ಪದೆ ಮಾಡಿಸಿದರೆ ಸೋರ್ ಶಿನ್ ಕಡಿಮೆ ಎಂಬುದು ತೀರ್ಮಾನ. ಕುದುರೆಗಳನ್ನು ಚೀಟಿ ಎತ್ತಿ ಗುಂಪುಗಳಿಗೆ ಹಂಚಿದ ಪ್ರಯೋಗ ಇದಲ್ಲ. ಟ್ರೇನರಿನ ಕೈಗುಣ, ಟ್ರ್ಯಾಕು, ತಳಿ ಎಲ್ಲ ಬೆರೆತೇ ಇದ್ದವು. ಆದರೂ ಇಂಗ್ಲೆಂಡಿನಲ್ಲಿ ಬೇರೆಯವರು, ಬೇರೆ ಟ್ರ್ಯಾಕುಗಳ ಮೇಲೆ ನಡೆಸಿದ ಅಧ್ಯಯನವೂ ಅದೇ ದಿಕ್ಕು ತೋರಿಸಿತು: ತರಬೇತಿ ಶುರುವಾದಾಗಿನಿಂದ ಕೂಡಿಬಂದ ವೇಗದ ಓಟ ಶಿನ್ ನೋವಿನಿಂದ ಕಾಪಾಡುತ್ತದೆ, ಅದೇ ಓಟ ಒಂದು ತಿಂಗಳೊಳಗೆ ಒತ್ತೊತ್ತಾಗಿ ಬಂದರೆ ನೋವು ತರುತ್ತದೆ. ತರಬೇತಿಯಲ್ಲಿ ವೇಗದ ಕೆಲಸವನ್ನೇ ಮಾಡದೆ ರೇಸಿಗೆ ಇಳಿದ ಕುದುರೆಗಳಲ್ಲಿ ಕ್ಯಾನನ್ ಮೂಳೆಯ ತುದಿ ಮುರಿಯುವ ಅಪಾಯ ಹೆಚ್ಚೆಂಬುದೂ ಅಲ್ಲಿಯೇ ಕಂಡುಬಂತು.

ಎಲ್ಲಿ ಎಡವುತ್ತಾರೆ

ಪಟ್ಟಿ ಗೋಡೆಗೆ ಅಂಟಿಸಿದ ಮೇಲೂ ಕೆಲಸ ಕೆಡುವುದು ಬಹುತೇಕ ಕುದುರೆಯ ಮೇಲಿರುವ ಹುಡುಗನ ಕೈಯಲ್ಲಿ. 15 ಸೆಕೆಂಡ್ ಎಂದು ಹೇಳಿ ಕಳಿಸಿದರೆ ಎಳೆ ಕುದುರೆ ಪಕ್ಕದ ಕುದುರೆಯನ್ನು ಕಂಡು 13ಕ್ಕೆ ಓಡಿಬಿಡುತ್ತದೆ. ಸವಾರನ ಎಣಿಕೆಯನ್ನು ನಂಬದೆ, ಫರ್ಲಾಂಗ್ ಕಂಬದಿಂದ ಕಂಬಕ್ಕೆ ನೆಲದಲ್ಲಿ ನಿಂತವರೇ ಸ್ಟಾಪ್‌ವಾಚ್ ಒತ್ತಬೇಕು. ಮೊದಲ ಘಟ್ಟದಲ್ಲಿ ಕುದುರೆಯನ್ನು ಒಂಟಿಯಾಗಿ, ಇಲ್ಲವೇ ಶಾಂತ ಸ್ವಭಾವದ ಹಿರಿಯ ಕುದುರೆಯ ಹಿಂದೆ ಬಿಡುವುದು, ವೇಗದ ಭಾಗವನ್ನು ತಿರುವಿನಲ್ಲಿಡದೆ ನೇರ ದಾರಿಯಲ್ಲಿಡುವುದು ವಾಸಿ.

ಮೂರು ವಾರ ಚೆನ್ನಾಗಿ ಹೋಯಿತೆಂದು ನಾಲ್ಕನೇ ವಾರಕ್ಕೇ ಎರಡು ಫರ್ಲಾಂಗಿಗೆ ಹಾರುವುದು ಮತ್ತೊಂದು ತಪ್ಪು. ಐದು ವಾರ ಎಂದಿಟ್ಟದ್ದು ಉಸಿರಿಗಲ್ಲ, ಮೂಳೆಗೆ. ಆ ಹೊತ್ತಿಗೆ ಗುಂಡಿ ತೋಡಿಯಾಗಿರುತ್ತದೆ, ಮುಚ್ಚಿ ಆಗಿರುವುದಿಲ್ಲ. ಕೆಮ್ಮು ಬಂದು ಎರಡು ವಾರ ನಿಂತ ಕುದುರೆಯನ್ನು ನಿಂತಲ್ಲಿಂದಲೇ ಮುಂದುವರಿಸುವುದೂ ಇದೇ ಜಾತಿಯ ತಪ್ಪು. ಒಂದು ಘಟ್ಟ ಹಿಂದಕ್ಕೆ ಹೋಗಿ ಬರಬೇಕು. ಇನ್ನು ನೋವಿನ ಇಂಜೆಕ್ಷನ್. ಫೆನೈಲ್‌ಬ್ಯೂಟಜೋನ್ ಕೊಟ್ಟ ಬೆಳಗ್ಗೆ ಹೆಬ್ಬೆರಳ ಪರೀಕ್ಷೆಗೆ ಅರ್ಥವಿಲ್ಲ. ಕುದುರೆ ಕಾಲು ಕೊಡುತ್ತದೆ, ಮೂಳೆ ಮೊದಲಿದ್ದಂತೆಯೇ ಇರುತ್ತದೆ.

ಪರೀಕ್ಷೆಯನ್ನು ವೇಗದ ಓಟದ ದಿನ ಸಂಜೆ ಮತ್ತು ಮರುದಿನ ಬೆಳಗ್ಗೆ, ಓಟಕ್ಕೆ ಮೊದಲು ಮಾಡಬೇಕು. ಕಾಲು ಎತ್ತಿ ಹಿಡಿದು ಮಾಡುವುದು ಮುಖ್ಯ. ನಿಂತ ಕಾಲಲ್ಲಿ ಸಣ್ಣ ನೋವು ತಪ್ಪಿಹೋಗಬಹುದು. ಎರಡೂ ಕಾಲನ್ನು ಒಂದೇ ಒತ್ತಡದಲ್ಲಿ ನೋಡಿ, ಸೈಸ್ ಹೇಳಿದ್ದನ್ನೂ ಸೇರಿಸಿ ಪುಸ್ತಕದಲ್ಲಿ ಬರೆದಿಡಬೇಕು. ದಿನಾ ಮೈ ಉಜ್ಜುವ ಸೈಸ್‌ಗೆ ಕಾಲಿನ ಬಿಸಿ ಡಾಕ್ಟರಿಗಿಂತ ಎರಡು ದಿನ ಮೊದಲೇ ಗೊತ್ತಿರುತ್ತದೆ. ಅಲ್ಪ ನೋವಷ್ಟೇ ಇದ್ದರೆ ವೇಗದ ಭಾಗ ನಿಲ್ಲಿಸಿ, ತಣ್ಣೀರು ಹಾಯಿಸಿ, ನಡೆದಾಟ ಮತ್ತು ಹಗುರ ಕೆಲಸ ಮುಂದುವರಿಸಿ, ನೋವು ಹೋದ ಮೇಲೆ ಹಿಂದಿನ ಘಟ್ಟಕ್ಕೆ ಇಳಿಯುವುದು. ಉಬ್ಬಿ, ಹೆಜ್ಜೆ ಗಿಡ್ಡವಾಗಿದ್ದರೆ ಎಕ್ಸ್‌ರೇ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದು ಸಾಮಾನ್ಯ. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು, ಓರೆ ಕೋನದಲ್ಲೂ ಸೇರಿಸಿ, ಮತ್ತೆ ತೆಗೆಯಬೇಕು.

ಮೇವಿನ ವಿಷಯ ಚುಟುಕಾಗಿ: ಸುಣ್ಣದ ಅಂಶ ರಂಜಕಕ್ಕಿಂತ ಕಡಿಮೆಯಾಗಬಾರದು, ಒಂದಕ್ಕೊಂದರಿಂದ ಎರಡಕ್ಕೊಂದರ ನಡುವೆ ಇರಬೇಕು. ಗೋಧಿ ಬೂಸಾದಲ್ಲಿ ರಂಜಕ ಸುಣ್ಣದ ಎಷ್ಟೋ ಪಟ್ಟು. ಬೂಸಾ ಹೆಚ್ಚು, ಲೂಸರ್ನ್ ಸೊಪ್ಪು ಕಡಿಮೆ ಇರುವ ಲಾಯದಲ್ಲಿ ಯಾವ ವೇಳಾಪಟ್ಟಿಯೂ ಮೂಳೆ ಕಟ್ಟಿಕೊಡದು.

ಇದೇ ಔಷಧ ಅತಿಯಾದಾಗ

ವೇಗ ಒಳ್ಳೆಯದೆಂದು ವೇಗವನ್ನೇ ಸುರಿಯಲಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಸ್ಟೀನ್ ವರ್ಹೇಯನ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 30 ದಿನಗಳೊಳಗೆ ಕ್ಯಾಂಟರ್ 44 ಕಿಲೋಮೀಟರ್ ಮತ್ತು ಸೆಕೆಂಡಿಗೆ 14 ಮೀಟರ್ ಮೀರಿದ ಗ್ಯಾಲಪ್ 6 ಕಿಲೋಮೀಟರ್, ಎರಡನ್ನೂ ದಾಟಿದ ಕುದುರೆಗಳಿಗೆ ಮೂಳೆ ಮುರಿತದ ಅಪಾಯ ವಿಶೇಷವಾಗಿ ಏರಿತ್ತು. ಫೇರ್ ಹಿಲ್ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ದಿನಕ್ಕೆ ಒಂದು ಮೈಲಿ, ತಿಂಗಳಿಗೆ 26 ದಿನ: ಸುಮಾರು 42 ಕಿಲೋಮೀಟರ್. ಎರಡನೇ ಘಟ್ಟದ ವೇಗದ ಓಟ ತಿಂಗಳಿಗೆ ಮೂರೂವರೆ ಕಿಲೋಮೀಟರಿನೊಳಗೆ. ದಿನಕ್ಕೆ ಒಂದೂವರೆ ಮೈಲಿಯಾದರೆ 62 ಕಿಲೋಮೀಟರ್ ಮುಟ್ಟುತ್ತದೆ. ಬೇರೆ ನೆಲದ, ಬೇರೆ ಕುದುರೆಗಳ ಅಂಕಿಯನ್ನು ಗೆರೆ ಎಳೆದಂತೆ ಬಳಸಬಾರದು, ನಿಜ. ಆದರೂ ಎರಡು ದೇಶದ ಲೆಕ್ಕ ಇಷ್ಟು ಹತ್ತಿರ ಬರುವುದು ಗಮನ ಸೆಳೆಯುತ್ತದೆ.

ಅತಿಯಾದಾಗ ಪೆಟ್ಟು ಬೀಳುವುದು ಮೂಳೆಯ ನಡುಭಾಗಕ್ಕಲ್ಲ, ಕೆಳತುದಿಗೆ. ಫೆಟ್‌ಲಾಕ್ ಕೀಲಿನೊಳಗೆ ಕ್ಯಾನನ್ ಮೂಳೆಯ ದುಂಡು ತುದಿಯಲ್ಲಿ, ನಡುವಿನ ಏಣಿನ ಎರಡೂ ಪಕ್ಕ ಸಣ್ಣ ಕಾಲುವೆಯಂಥ ತಗ್ಗಿದೆ. ಭಾರ ಹೊರುವ ಭಾಗ ವ್ಯಾಯಾಮದಿಂದ ದಂತದಂತೆ ಗಟ್ಟಿಯಾಗುತ್ತದೆ, ಪಕ್ಕದ್ದು ಹಾಗಾಗುವುದಿಲ್ಲ. ಗಟ್ಟಿ ಮತ್ತು ಮೆದು ಸೇರುವ ಆ ಗೆರೆಯಲ್ಲೇ ಬಿರುಕು ಹುಟ್ಟಿ ಮೇಲಕ್ಕೆ ಓಡುತ್ತದೆ. ಹೆಬ್ಬೆರಳಿಗೆ ಇದು ಸಿಗದು. 2019ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ಟ್ರ್ಯಾಕಿನಲ್ಲಿ ಕೆಲವೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುದುರೆಗಳು ಸತ್ತ ಮೇಲೆ, ಅದೇ ವರ್ಷದ ಕೊನೆಗೆ ಅಲ್ಲಿ ಕುದುರೆಯನ್ನು ನಿಂತಲ್ಲೇ ಸ್ಕ್ಯಾನ್ ಮಾಡುವ ಪೆಟ್ ಯಂತ್ರ (ವಿಕಿರಣಶೀಲ ದ್ರವ್ಯ ಚುಚ್ಚಿ ಮೂಳೆಯ ಚಟುವಟಿಕೆ ನೋಡುವ ಯಂತ್ರ) ಬಂತು. ಅದು ಹುಡುಕುವುದು ಮುಖ್ಯವಾಗಿ ಈ ಕೀಲಿನೊಳಗಿನ ಚುರುಕು ತಾಣಗಳನ್ನು.

ನಿಂತ ಕುದುರೆ ಮರಳಿದಾಗ

ಈ ಪ್ರಕರಣದ ಕಡೆಯ ಭಾಗ ಕ್ಯಾನನ್ ಮೂಳೆಯದಲ್ಲ, ಭುಜದ ಕೆಳಗಿನ ಹ್ಯೂಮರಸ್‌ನದು. 1990ರಿಂದ ಕ್ಯಾಲಿಫೋರ್ನಿಯಾದಲ್ಲಿ ಟ್ರ್ಯಾಕಿನಲ್ಲಿ ಸತ್ತ ಕುದುರೆಗಳ ಶವಪರೀಕ್ಷೆ ಕಡ್ಡಾಯ. ಡೇವಿಸ್ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೂಸನ್ ಸ್ಟೋವರ್ ಮತ್ತು ಸಂಗಡಿಗರು ಮುರಿದ ಹ್ಯೂಮರಸ್‌ಗಳನ್ನು ಕೈಗೆತ್ತಿಕೊಂಡಾಗ ಮುರಿತದ ಅಂಚಿನಲ್ಲಿ ಹಳೆಯ, ಅರ್ಧ ವಾಸಿಯಾದ ಬಿರುಕಿನ ಗುರುತು ಸಿಕ್ಕಿತು. ಓಟದ ದಾಖಲೆ ತೆಗೆದು ನೋಡಿದರೆ, ಎರಡು ತಿಂಗಳು ಅಥವಾ ಹೆಚ್ಚು ವೇಗದ ಕೆಲಸವಿಲ್ಲದೆ ನಿಂತು ಮರಳಿದ ಕುದುರೆಗಳಲ್ಲಿ, ಮರಳಿದ ಮೊದಲ ಮೂರು ವಾರದೊಳಗೇ ಈ ಮುರಿತದ ಅಪಾಯ ಎದ್ದು ಕಾಣುತ್ತಿತ್ತು.

ಕಾರಣ ಮೇಲೆ ಹೇಳಿದ ಗುಂಡಿಯದೇ. ನೋವಿಗೆಂದು ನಿಲ್ಲಿಸಿದ ಕುದುರೆಯಲ್ಲಿ ಅಗೆತ ಜೋರಾಗುತ್ತದೆ, ಭಾರ ಬೀಳದ ಮೂಳೆಯನ್ನು ದೇಹ ಮರಳಿ ಪಡೆಯುತ್ತದೆ, ಬಿರುಕಿನ ಮೇಲೆ ಮೆತ್ತಿದ ಎಳೆಮೂಳೆ ಇನ್ನೂ ಬಲಿತಿರುವುದಿಲ್ಲ. ಕುದುರೆಯೋ ಎರಡು ತಿಂಗಳು ಮೆದ್ದು ಮಿಂಚುತ್ತಿರುತ್ತದೆ, ಕುಂಟುವುದೂ ಇಲ್ಲ. ಮುಂದಿನ ತಿಂಗಳ ರೇಸಿಗೆ ಹೆಸರು ಕೊಟ್ಟಾಗಿರುತ್ತದೆ.

ಆದ್ದರಿಂದ ಎರಡು ತಿಂಗಳು ನಿಂತು ಬಂದ ಕುದುರೆ, ಅದು ನಾಲ್ಕು ವರ್ಷದ್ದಾಗಿರಲಿ, ಕಪ್ ಗೆದ್ದದ್ದಾಗಿರಲಿ, ಮೊದಲ ಘಟ್ಟದ ಒಂದು ಫರ್ಲಾಂಗಿನಿಂದಲೇ ಶುರುವಾಗಬೇಕು. ಪ್ರತಿ ಘಟ್ಟಕ್ಕೂ ಐದು ವಾರ ಬೇಕಾಗದಿರಬಹುದು, ಆದರೆ ಮೊದಲ ಮೂರು ವಾರದಲ್ಲಿ ಒಂದು ಫರ್ಲಾಂಗ್ ದಾಟಬಾರದು. ನಿಲ್ಲಿಸಲೇಬೇಕಾದಾಗಲೂ ಲಾಯದಲ್ಲಿ ಕಟ್ಟಿಹಾಕುವುದಕ್ಕಿಂತ, ಗಾಯ ಒಪ್ಪಿದರೆ, ಬೇಲಿ ಹಾಕಿದ ಬಯಲಲ್ಲಿ ಬಿಡುವುದು ಮೇಲು. ದಿನಕ್ಕೊಮ್ಮೆ ತಾನಾಗಿ ಜಿಗಿದು ಓಡುವ ಕೆಲವೇ ಹೆಜ್ಜೆಯೂ ಮೂಳೆಗೆ ಲೆಕ್ಕಕ್ಕೆ ಬರುತ್ತದೆ. ಮರಳಿದ ಮೇಲೆ ಮುಂಗಾಲನ್ನು ಮುಂದಕ್ಕೆ ಮತ್ತು ಹಿಂದಕ್ಕೆ ಪೂರ್ತಿ ಎಳೆದು ನೋಡುವುದನ್ನು ದಿನದ ಪರೀಕ್ಷೆಗೆ ಸೇರಿಸಬೇಕು. ಹ್ಯೂಮರಸ್ ಮಾಂಸದೊಳಗಿರುವುದರಿಂದ ಬಿಸಿಯಾಗಲಿ ಉಬ್ಬಾಗಲಿ ಕೈಗೆ ಸಿಗುವುದಿಲ್ಲ. ವೇಗದ ಓಟದ ಸಂಜೆ ಒಂದು ಕಾಲಿನಲ್ಲಿ ತೀರಾ ಕುಂಟಿ, ಒಂದೆರಡು ದಿನದಲ್ಲಿ ಏನೂ ಆಗದಂತೆ ನಡೆಯುವ ಕುದುರೆಯನ್ನು ಮತ್ತೆ ಟ್ರ್ಯಾಕಿಗೆ ಬಿಡುವ ಮೊದಲು ಭುಜದ ಎಕ್ಸ್‌ರೇ ಅಥವಾ ವಿಕಿರಣಶೀಲ ಟೆಕ್ನೀಷಿಯಂ ಹಾಕಿ ತೆಗೆಯುವ ಬೋನ್ ಸ್ಕ್ಯಾನ್ ಆಗಿರಬೇಕು.